ಟ್ಯೂಬಿಂಗನ್ ಅರ್ಧ ದಿನದಲ್ಲಿ ಮುಗಿದುಹೋಗುವ ಊರಾ?

ಸಾಗರದ ಹುಡುಗಿ:

ಮೊನ್ನೆ ಇಲ್ಲೇ ಒಬ್ಬರು ಜರ್ಮನಿಯಲ್ಲಿ ಮಾಸ್ಟರ್ಸ್ ಓದೋಕೆ ಯಾವ ಊರು ಒಳ್ಳೆಯದು ಅಂತ ಕೇಳಿದ್ದರು. ಮ್ಯೂನಿಕ್, ಬರ್ಲಿನ್, ಆಖನ್ ಎಲ್ಲ ಬಂತು. ಟ್ಯೂಬಿಂಗನ್ ಹೆಸರು ಬಂದ ಕೂಡಲೇ ಒಬ್ಬರು "ಅದು ಅರ್ಧ ದಿನದಲ್ಲಿ ಮುಗಿದುಹೋಗುವ ಊರು, ಎರಡು ವರ್ಷ ಏನು ಮಾಡ್ತೀರಾ" ಅಂತ ಬರೆದುಬಿಟ್ಟರು. ನಾನು ಟ್ಯೂಬಿಂಗನ್‌ನಲ್ಲೇ ಬಯೋಕೆಮಿಸ್ಟ್ರಿ ಮಾಸ್ಟರ್ಸ್ ಓದುತ್ತಿದ್ದೇನೆ, ಈಗ ಎರಡನೇ ವರ್ಷ. ಅಲ್ಲೇ ಉತ್ತರ ಬರೆಯೋಣ ಅಂತ ಕೂತೆ, ಉದ್ದ ಆಯ್ತು. ಅದಕ್ಕೇ ಬೇರೆ ಚರ್ಚೆ ಶುರು ಮಾಡುತ್ತಿದ್ದೇನೆ.

ಊರಿನ ಅಳತೆ ಮೊದಲೇ ಹೇಳಿಬಿಡುತ್ತೇನೆ. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಒಂದು ಗಂಟೆ ದಾರಿ. ಜನಸಂಖ್ಯೆ ಸುಮಾರು 90,000. ವಿಶ್ವವಿದ್ಯಾಲಯದಲ್ಲಿ ಓದುವವರೇ 28,000ದ ಹತ್ತಿರ ಇದ್ದಾರೆ. 1477ರಲ್ಲಿ ಶುರುವಾದ ವಿಶ್ವವಿದ್ಯಾಲಯ ಇದು. ಕಾಂಪೌಂಡು, ಗೇಟು, ವಾಚ್‌ಮನ್ ಇರುವ ಕ್ಯಾಂಪಸ್ ಹುಡುಕಬೇಡಿ, ಅಂಥದ್ದು ಇಲ್ಲ. ಕೆಲವು ವಿಭಾಗ ಕೋಟೆಯೊಳಗೆ, ಕೆಲವು ಪೇಟೆ ನಡುವೆ, ನಮ್ಮಂಥ ವಿಜ್ಞಾನದವರದು ಊರಂಚಿನ ಗುಡ್ಡದ ಮೇಲೆ, ಮೋರ್ಗನ್‌ಷ್ಟೆಲ್ಲೆ ಅನ್ನುವಲ್ಲಿ. ಎರಡನೇ ಮಹಾಯುದ್ಧದಲ್ಲಿ ಈ ಊರಿಗೆ ಆದ ಹಾನಿ ಕಡಿಮೆ. ಹಾಗಾಗಿ ಹಳೇ ಪೇಟೆ ಉಳಿದುಕೊಂಡಿದೆ. ಗೋಡೆಯಲ್ಲೇ ಮರದ ತೊಲೆ ಕಾಣುವ ಮನೆಗಳು, ಕಲ್ಲು ಹಾಸಿದ ಓಣಿಗಳು, ಎಲ್ಲಿ ಹೋದರೂ ಏರು ಇಲ್ಲಾ ಇಳುಕಲು.

ನೋಡೋಕೆ ಅಂತ ಬಂದರೆ ಅರ್ಧ ದಿನ ಸಾಕು, ಸುಳ್ಳಲ್ಲ. ಸೇತುವೆ ಮೇಲೆ ನಿಂತು ನೆಕಾರ್ ನದಿಯ ಫೋಟೋ ತೆಗೆಯುತ್ತೀರಿ. ನದಿ ದಂಡೆಯಲ್ಲಿ ಹಳದಿ ಗೋಪುರ ಕಾಣುತ್ತದೆ. ಹೋಲ್ಡರ್ಲಿನ್ ಅನ್ನುವ ಕವಿ ಬುದ್ಧಿ ಕದಡಿದ ಮೇಲೆ 1807ರಿಂದ 1843ರವರೆಗೆ, ಸಾಯುವ ತನಕ ಅಲ್ಲೇ ಒಬ್ಬ ಬಡಗಿಯ ಮನೆಯವರ ಆರೈಕೆಯಲ್ಲಿದ್ದ. ಆಮೇಲೆ ಚರ್ಚು, ಮಾರ್ಕೆಟ್ ಚೌಕ, ಕೋಟೆ, ಒಂದು ಕಾಫಿ. ಸಂಜೆ ರೈಲಿಗೆ ವಾಪಸ್.

ಆದರೆ ಓದೋಕೆ ಬಂದವರು ಹಾಗೆ ನೋಡುವುದಿಲ್ಲ ಅಲ್ವಾ? ನನಗೆ ಈ ಊರು ಗೊತ್ತಾಗಿದ್ದು ಕೆಲಸದ ಮೇಲೆ ಓಡಾಡಿ. ವಿಳಾಸ ನೋಂದಣಿ ಮಾಡಿಸೋಕೆ ಹೋದಾಗ ಒಂದು ಓಣಿ, ಕೊತ್ತಂಬರಿ ಹುಡುಕೋಕೆ ಹೋದಾಗ ಇನ್ನೊಂದು. ಬಸ್ ತಪ್ಪಿ ಲ್ಯಾಬಿನಿಂದ ನಡೆದುಕೊಂಡೇ ಬಂದ ದಿನ ಒಂದು ಒಳದಾರಿ ಸಿಕ್ಕಿತು. ಈಗಲೂ ಅದರಲ್ಲೇ ಓಡಾಡುತ್ತೇನೆ.

ಒಂದು ಜಾಗದ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿನ ಕೋಟೆಯ ಅಡುಗೆಮನೆ. ರಾಜರು ಕೋಟೆ ಬಿಟ್ಟುಕೊಟ್ಟ ಮೇಲೆ ಆ ಅಡುಗೆಮನೆಯನ್ನು ವಿಶ್ವವಿದ್ಯಾಲಯದವರು ರಸಾಯನಶಾಸ್ತ್ರದ ಲ್ಯಾಬ್ ಮಾಡಿಕೊಂಡಿದ್ದರು. 1869ರಲ್ಲಿ ಫ್ರೀಡ್ರಿಖ್ ಮೀಷರ್ ಅನ್ನುವ ಸ್ವಿಸ್ ಹುಡುಗ ಅಲ್ಲಿ ಕೆಲಸ ಮಾಡುತ್ತಿದ್ದ. ಆಸ್ಪತ್ರೆಯಿಂದ ಗಾಯಕ್ಕೆ ಕಟ್ಟಿದ ಬ್ಯಾಂಡೇಜು ತರಿಸಿಕೊಂಡು, ಅದರಲ್ಲಿನ ಕೀವು ತೊಳೆದು, ಬಿಳಿ ರಕ್ತಕಣಗಳ ಒಳಗೆ ಏನಿದೆ ಅಂತ ನೋಡುತ್ತಿದ್ದ. ಅಲ್ಲಿ ಸಿಕ್ಕಿದ ಪದಾರ್ಥಕ್ಕೆ ನ್ಯೂಕ್ಲಿನ್ ಅಂತ ಹೆಸರಿಟ್ಟ. ಇವತ್ತು ನಾವು ಡಿಎನ್‌ಎ ಅನ್ನುವುದು ಅದನ್ನೇ. ನಾನು ಪದವಿಯಲ್ಲಿ ಓದುವಾಗ ಇದು ಪುಸ್ತಕದಲ್ಲಿ ಒಂದೇ ಸಾಲು, ಪರೀಕ್ಷೆಗೆ ಒಂದು ಅಂಕದ ಪ್ರಶ್ನೆ. ಇಲ್ಲಿ ಆ ಕೋಣೆಯಲ್ಲೇ ನಿಲ್ಲಬಹುದು. ದಪ್ಪ ಗೋಡೆ, ಕಮಾನಿನ ಚಾವಣಿ, ಬೇಸಿಗೆಯಲ್ಲೂ ಒಳಗೆ ತಣ್ಣಗೆ. ಫ್ರಿಜ್ ಇಲ್ಲದ ಕಾಲದಲ್ಲಿ ಆ ತಂಪು ಅವನಿಗೆ ಎಷ್ಟು ಉಪಕಾರ ಮಾಡಿರಬಹುದು ಅಂತ ನನಗೆ ಅಲ್ಲಿ ನಿಂತಾಗಲೇ ಹೊಳೆದದ್ದು. ನಮ್ಮ ಲ್ಯಾಬಿನಲ್ಲಿ ಒಂದು ಸ್ಯಾಂಪಲ್ ಹತ್ತು ನಿಮಿಷ ಹೊರಗಿದ್ದರೆ ಗೈಡ್ ಮುಖ ನೋಡೋಕೆ ಆಗುವುದಿಲ್ಲ.

ಅದೇ ಕೋಟೆಯ ಮ್ಯೂಸಿಯಂನಲ್ಲಿ ಒಂದು ಕುದುರೆ ಇದೆ. ಮ್ಯಾಮತ್ ದಂತದಲ್ಲಿ ಕೆತ್ತಿದ್ದು, ಸುಮಾರು 40,000 ವರ್ಷ ಹಳೆಯದು. ಉದ್ದ ಐದು ಸೆಂಟಿಮೀಟರ್ ಕೂಡ ಇಲ್ಲ. 1931ರಲ್ಲಿ ಫೋಗಲ್‌ಹೆರ್ಡ್ ಅನ್ನುವ ಗುಹೆಯಲ್ಲಿ ಸಿಕ್ಕಿತ್ತು. ಕಾಲುಗಳು ಮುರಿದುಹೋಗಿವೆ. ಆದರೆ ಕತ್ತು ಬಾಗಿಸಿರುವ ರೀತಿ ನೋಡಿದರೆ ಕುದುರೆಗಳನ್ನು ಚೆನ್ನಾಗಿ ನೋಡಿದವರೇ ಕೆತ್ತಿದ್ದು ಅಂತ ಗೊತ್ತಾಗುತ್ತದೆ. ಬೆನ್ನು ಎಷ್ಟು ನುಣುಪು ಅಂದರೆ ಗಾಜಿನ ಈಚೆ ನಿಂತವರಿಗೂ ಬೆರಳಾಡಿಸಬೇಕು ಅನ್ನಿಸುತ್ತದೆ. ಆ ಗುಹೆಗಳೆಲ್ಲ 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ.

ಇಷ್ಟೂ ಒಂದೇ ಕಟ್ಟಡದಲ್ಲಿ. ಈಗ ಹೇಳಿ, ಅರ್ಧ ದಿನ ಸಾಕಾ?

ದಾವಣಗೆರೆ ಬೆಣ್ಣೆ:

ಅಕ್ಕ, ಆ ಪ್ರಶ್ನೆ ಕೇಳಿದ್ದು ನಾನೇ! ನನಗೆ ಟ್ಯೂಬಿಂಗನ್‌ನಲ್ಲಿ ಮೆಷಿನ್ ಲರ್ನಿಂಗ್‌ಗೆ ಸೀಟು ಸಿಕ್ಕಿದೆ. ಬರ್ಲಿನ್‌ನಿಂದಲೂ ಉತ್ತರ ಬರೋದಿದೆ. ಮನೆಯಲ್ಲಿ ದಿನಾ ಇದೇ ಮಾತು. ಅಪ್ಪ "ದೊಡ್ಡ ಊರಿಗೆ ಹೋಗು" ಅಂತಾರೆ, ಅಮ್ಮ "ಸಣ್ಣ ಊರಿಗೆ ಹೋಗು" ಅಂತಾರೆ. ಖರ್ಚು ಹೇಗೆ, ರೂಮು ಸಿಗುತ್ತಾ, ಜರ್ಮನ್ ಬರದೇ ಇದ್ದರೆ ನಡೆಯುತ್ತಾ? ಇನ್ನೊಂದು, ಒಬ್ಬನೇ ಇದ್ದು ಬೇಜಾರಾಗಲ್ವಾ?

ಸಾಗರದ ಹುಡುಗಿ:

ಮೊದಲು ದುಡ್ಡು. ಈ ರಾಜ್ಯ ಬಾಡನ್-ವುರ್ಟೆಂಬರ್ಗ್. ಯುರೋಪಿಯನ್ ಯೂನಿಯನ್ ಹೊರಗಿನವರಿಗೆ ಇಲ್ಲಿ ಸೆಮಿಸ್ಟರಿಗೆ 1,500 ಯೂರೋ ಫೀಸು ಇದೆ. 2017ರಿಂದ ಹೀಗೆ. ಬರ್ಲಿನ್ನಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಈ ಫೀಸು ಇಲ್ಲ. ಇದನ್ನು ಅಪ್ಪನಿಗೆ ಮೊದಲೇ ಹೇಳಿ, ಆಮೇಲೆ ಗೊತ್ತಾಗಿ ಬೈಸಿಕೊಳ್ಳಬೇಡಿ.

ರೂಮು ಕಷ್ಟ. ಸೀಟು ಪಕ್ಕಾ ಆದ ದಿನವೇ ವಿದ್ಯಾರ್ಥಿ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಉತ್ತರದ ಗುಡ್ಡದ ಮೇಲೆ ವಾಲ್ಡ್‌ಹೋಯ್ಸರ್ ಓಸ್ಟ್ ಅಂತ ಬಡಾವಣೆ ಇದೆ. ನೋಡೋಕೆ ಬರೀ ಕಾಂಕ್ರೀಟು, ಆದರೆ ಹಿಂದೆಯೇ ಕಾಡು, ಮುಂದೆ ಬಸ್ಸು. ಹೊರಗಡೆ ರೂಮು ಹುಡುಕುವವರಿಗೆ ಒಂದೇ ಮಾತು. ಕಣ್ಣಾರೆ ಮನೆ ನೋಡದೆ, ಇಲ್ಲಾ ಗೊತ್ತಿರುವವರ ಕೈಲಿ ನೋಡಿಸದೆ ಅಡ್ವಾನ್ಸ್ ಕಳಿಸಬೇಡಿ. ನಮ್ಮ ಬ್ಯಾಚಿನಲ್ಲೇ ಒಬ್ಬರು ಊರಿಂದಲೇ ದುಡ್ಡು ಹಾಕಿ, ಇಲ್ಲಿಗೆ ಬಂದು ನೋಡಿದರೆ ಆ ನಂಬರಿನ ಮನೆಯೇ ಇರಲಿಲ್ಲ.

ಓದು ಇಂಗ್ಲಿಷಿನಲ್ಲಿ ನಡೆಯುತ್ತದೆ. ಊರು ಇಂಗ್ಲಿಷಿನಲ್ಲಿ ನಡೆಯುವುದಿಲ್ಲ. ಮಾರ್ಕೆಟ್ಟಿನ ಅಜ್ಜಿ, ಬಸ್ ಡ್ರೈವರ್, ಮೇಲಿನ ಮನೆಯವರು ಎಲ್ಲರದೂ ಸ್ವಾಬಿಯನ್, ಅಂದರೆ ಈ ಸೀಮೆಯ ಆಡುಮಾತಿನ ಜರ್ಮನ್. ಕ್ಲಾಸಿನಲ್ಲಿ ಕಲಿತದ್ದು ಇದೇನಾ ಅನ್ನಿಸುತ್ತದೆ. ಬೆಂಗಳೂರಿನಲ್ಲಿ ಕನ್ನಡ ಕಲಿತವರನ್ನು ನೇರ ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಬಿಟ್ಟ ಹಾಗೆ.

ಬೇಜಾರಿನ ಬಗ್ಗೆ ಸುಳ್ಳು ಹೇಳುವುದಿಲ್ಲ. ನವೆಂಬರ್, ಡಿಸೆಂಬರ್ ಕಷ್ಟ. ನಾಲ್ಕೂವರೆಗೆ ಕತ್ತಲಾಗುತ್ತದೆ. ಲ್ಯಾಬಿಗೆ ಹೋಗುವಾಗಲೂ ಕತ್ತಲು, ಬರುವಾಗಲೂ ಕತ್ತಲು. ಮೊದಲ ಚಳಿಗಾಲದಲ್ಲಿ ನಾನು ಮಧ್ಯಾಹ್ನ ಊಟ ಬಿಟ್ಟು ಹೊರಗೆ ಹೋಗಿ ಬಿಸಿಲಿಗೆ ನಿಲ್ಲುತ್ತಿದ್ದೆ, ಬಿಸಿಲು ಇದ್ದ ದಿನ.

ಬರ್ಲಿನ್ ಬಸ್ಯಾ:

ಅರ್ಧ ದಿನ ಅಂತ ಬರೆದ ಪುಣ್ಯಾತ್ಮ ನಾನೇ ರೀ. ನೀವು ಚೆನ್ನಾಗಿ ಬರೆದಿದ್ದೀರಿ, ಒಪ್ಪಿದೆ. ಆದರೆ ಕೋಟೆ, ಕುದುರೆ ನೋಡಿಕೊಂಡು ಎರಡು ವರ್ಷ ಕಳೆಯೋಕೆ ಆಗುತ್ತಾ? ನಾನು ಗೋಕಾಕದಿಂದ ಬಂದವನು. ಊರಾಗ ಸಣ್ಣ ಊರು ಸಾಕಷ್ಟು ನೋಡೇನಿ. ಯಾರು ಎಲ್ಲಿಗೆ ಹೋದರು, ಯಾರ ಜೊತೆ ಹೋದರು ಅನ್ನೋದೆಲ್ಲ ಮಂದಿಗೆ ಬೇಕು. ಬರ್ಲಿನ್‌ನಲ್ಲಿ ಯಾರೂ ಕೇಳುವುದಿಲ್ಲ. ನನಗೆ ಅದೇ ದೊಡ್ಡ ಸುಖ.

ಇಲ್ಲಿ ನಾನು ಮೊದಮೊದಲು ಮಾಡಿದ ಕೆಲಸ ಏನು ಗೊತ್ತಾ? ಊರಿನ ಸುತ್ತ ಗುಂಡಗೆ ಓಡುವ ಲೋಕಲ್ ರೈಲು ಇದೆ, 37 ಕಿಲೋಮೀಟರ್, ಸುತ್ತು ಮುಗಿಸೋಕೆ ಒಂದು ಗಂಟೆ. ವಿದ್ಯಾರ್ಥಿ ಪಾಸ್ ಇದ್ದರೆ ಬೇರೆ ಖರ್ಚಿಲ್ಲ. ಪ್ರತಿ ಸಲ ಗೊತ್ತಿಲ್ಲದ ಸ್ಟೇಷನ್‌ನಲ್ಲಿ ಇಳಿದು ಅಲ್ಲಿಂದ ನಡೆಯುತ್ತಿದ್ದೆ. ಒಂದು ಕಡೆ ಟರ್ಕಿಯವರ ಅಂಗಡಿ ಸಾಲು, ಇನ್ನೊಂದು ಕಡೆ ವಿಯೆಟ್ನಾಮಿನವರು. ಟೆಂಪಲ್‌ಹೋಫ್ ಅಂತ ಹಳೇ ಏರ್‌ಪೋರ್ಟ್ ಇದೆ. 2008ರಲ್ಲಿ ಮುಚ್ಚಿ 2010ರಲ್ಲಿ ಜನಕ್ಕೆ ಬಿಟ್ಟುಕೊಟ್ಟರು. ಅಲ್ಲಿ ಮನೆ ಕಟ್ಟಬೇಕು ಅಂತ ಸರ್ಕಾರ ಹೊರಟಾಗ 2014ರಲ್ಲಿ ಜನ ವೋಟು ಹಾಕಿ ಬೇಡ ಅಂದರು. ರನ್‌ವೇ ಮೇಲೆ ಸೈಕಲ್ ಹೊಡೆಯುತ್ತೇನೆ ರೀ! ಇಂಥದ್ದು ನಿಮ್ಮ ಊರಾಗ ಐತೇನು?

ಭಾನುವಾರ ನಿಮ್ಮ ಊರಲ್ಲಿ ಏನು ಮಾಡುತ್ತೀರಿ, ಅದನ್ನು ಹೇಳಿ ಮೊದಲು.

ಸಾಗರದ ಹುಡುಗಿ:

ರನ್‌ವೇ ಇಲ್ಲ, ಸೋತೆ. 😄 ಭಾನುವಾರ ಜರ್ಮನಿ ತುಂಬ ಅಂಗಡಿ ಮುಚ್ಚಿರುತ್ತದೆ, ನಿಮ್ಮಲ್ಲೂ ಅಷ್ಟೇ. ಇಲ್ಲಿ ಆ ದಿನ ಊರೇ ಗುಡ್ಡ ಹತ್ತುತ್ತದೆ. ಕೋಟೆಯ ಹಿಂದಿನಿಂದ ಒಂದು ದಿಣ್ಣೆ ಹಿಡಿದು ನಡೆದರೆ ವುರ್ಮ್‌ಲಿಂಗನ್ ಅನ್ನುವ ಊರಿನ ಮೇಲಿನ ಪುಟ್ಟ ಚರ್ಚಿಗೆ ಹೋಗಬಹುದು. ಒಂದೂವರೆ ಎರಡು ಗಂಟೆ ನಡಿಗೆ. ಒಂದು ಬದಿ ದ್ರಾಕ್ಷಿ ತೋಟ, ಇನ್ನೊಂದು ಬದಿ ಕಾಡು. ದಾರಿಯಲ್ಲಿ ಸಿಕ್ಕಿದವರೆಲ್ಲ ನಮಸ್ಕಾರ ಹೇಳುತ್ತಾರೆ. ಪೇಟೆಯಲ್ಲಿ ಅದೇ ಜನ ತಿರುಗಿಯೂ ನೋಡುವುದಿಲ್ಲ, ಯಾಕೋ ಗೊತ್ತಿಲ್ಲ.

ಇನ್ನೊಂದು ದಿಕ್ಕಿಗೆ ಶೋನ್‌ಬುಖ್ ಕಾಡು. ಅದರ ಅಂಚಿನಲ್ಲಿ ಬೇಬನ್‌ಹೌಸನ್ ಅಂತ ಹಳೇ ಮಠ. ಸನ್ಯಾಸಿಗಳು ಹೋದ ಮೇಲೆ ರಾಜರ ಬೇಟೆ ಅರಮನೆ ಆಯ್ತು. ಯುದ್ಧ ಮುಗಿದ ಮೇಲೆ ಕೆಲವು ವರ್ಷ ಆಗಿನ ರಾಜ್ಯದ ವಿಧಾನಸಭೆ ಅಲ್ಲೇ ಕೂಡುತ್ತಿತ್ತು. ಮಠದ ಊಟದ ಹಾಲ್‌ನಲ್ಲಿ ಶಾಸಕರು!

ಮಾರ್ಚ್, ಏಪ್ರಿಲ್‌ನಲ್ಲಿ ಆ ಕಾಡಿಗೆ ಕಾಲಿಟ್ಟರೆ ಬೆಳ್ಳುಳ್ಳಿ ಒಗ್ಗರಣೆ ವಾಸನೆ ಬರುತ್ತದೆ. ನನಗೆ ಮೊದಲು ಭ್ರಮೆ ಅನ್ನಿಸಿತ್ತು. ನೋಡಿದರೆ ಮರದ ಬುಡದಲ್ಲೆಲ್ಲ ಕಾಡು ಬೆಳ್ಳುಳ್ಳಿ ಸೊಪ್ಪು. ಸ್ವಲ್ಪ ಸ್ವಲ್ಪ ಕಿತ್ತುಕೊಂಡು ಹೋಗಿ ಇಲ್ಲಿನವರು ಬ್ರೆಡ್ಡಿಗೆ ಹಚ್ಚಿಕೊಳ್ಳುತ್ತಾರೆ. ನಾನು ಕಾಯಿತುರಿ, ಹುಣಸೆಹಣ್ಣು, ಒಣಮೆಣಸು ಹಾಕಿ ಚಟ್ನಿ ರುಬ್ಬಿದೆ. ರೂಮ್‌ಮೇಟ್ ಇಟಲಿಯವಳು, ಪಾಸ್ತಾಕ್ಕೆ ಕಲಸಿಕೊಂಡು ತಿಂದಳು. ಆದರೆ ಹುಷಾರು. ಅದೇ ಥರ ಎಲೆ ಇರುವ ವಿಷದ ಗಿಡಗಳೂ ಅಲ್ಲೇ ಬೆಳೆಯುತ್ತವೆ, ತಿಂದು ಸತ್ತವರೂ ಇದ್ದಾರೆ. ಗೊತ್ತಿರುವವರ ಜೊತೆ ಹೋಗಿ ಕೀಳಿ. ಒಂದೊಂದೇ ಎಲೆ ನೋಡಿ ಕೀಳಬೇಕು, ಹಿಡಿ ಹಿಡಿ ಅಲ್ಲ. ಒಂದು ಎಲೆ ಉಜ್ಜಿದ ಮೇಲೆ ಕೈಯೇ ವಾಸನೆ ಬರುತ್ತದೆ, ಮುಂದಿನ ಎಲೆಗೆ ಆ ಪರೀಕ್ಷೆ ನಡೆಯುವುದಿಲ್ಲ.

ಸೆಪ್ಟೆಂಬರಿನಲ್ಲಿ ಸೇಬು. ಈ ಸೀಮೆಯಲ್ಲಿ ಗುಡ್ಡದ ಇಳುಕಲಿನ ಹುಲ್ಲುಗಾವಲಲ್ಲಿ ಹಣ್ಣಿನ ಮರಗಳಿವೆ. ಯಜಮಾನರಿಗೆ ಕೀಳೋಕೆ ಪುರುಸೊತ್ತಿಲ್ಲದಿದ್ದರೆ ಮರಕ್ಕೆ ಹಳದಿ ರಿಬ್ಬನ್ ಕಟ್ಟುತ್ತಾರೆ. ರಿಬ್ಬನ್ ಇದ್ದರೆ ಯಾರು ಬೇಕಾದರೂ ಕೀಳಬಹುದು. ಇಲ್ಲದಿದ್ದರೆ ಬಿದ್ದ ಹಣ್ಣನ್ನೂ ಮುಟ್ಟಬಾರದು.

ಕರಾವಳಿ ಮೇಷ್ಟ್ರು:

ತಂಗಿ, ಟ್ಯೂಬಿಂಗನ್ ಎಂಬ ಹೆಸರು ನೋಡಿ ಓದತೊಡಗಿದೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ನೀವೆಲ್ಲ ಸೇಬು, ಕುದುರೆ ಎನ್ನುತ್ತಿದ್ದೀರಿ. ಆ ಊರಿಗೂ ಕನ್ನಡಕ್ಕೂ ಇರುವ ಹಳೇ ನಂಟನ್ನು ಯಾರೂ ಎತ್ತಲಿಲ್ಲವಲ್ಲ!

1843ರ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಟಿತು, ಮಂಗಳೂರ ಸಮಾಚಾರ. ಇವತ್ತಿಗೂ ಜುಲೈ 1 ನಮಗೆ ಪತ್ರಿಕಾ ದಿನ. ಅದನ್ನು ಹೊರಡಿಸಿದ ಪಾದ್ರಿ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು 1811ರಲ್ಲಿ ನಿಮ್ಮ ಆ ಸೀಮೆಯ ಬ್ರಾಕನ್‌ಹೈಮ್‌ನಲ್ಲಿ. ಓದಿದ್ದು ಟ್ಯೂಬಿಂಗನ್‌ನಲ್ಲಿ. 1858ರಲ್ಲಿ ಅದೇ ವಿಶ್ವವಿದ್ಯಾಲಯ ಅವರಿಗೆ ಕನ್ನಡದ ಕೆಲಸಕ್ಕಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. ಹಸ್ತಪ್ರತಿಯಲ್ಲೇ ಉಳಿದಿದ್ದ ಎಷ್ಟೋ ಹಳಗನ್ನಡ ಕೃತಿಗಳನ್ನು, ದಾಸರ ಪದಗಳನ್ನು ಅಚ್ಚಿಗೆ ತಂದ ಪುಣ್ಯ ಅವರದು. ನೀನು ನಡೆಯುವ ಕಲ್ಲು ಹಾಸಿನ ಮೇಲೆ ಅವರೂ ನಡೆದಿರುತ್ತಾರೆ ತಂಗಿ.

ಹುಬ್ಬಳ್ಳಿ ಗಾಡಿ:

ಸರ್, ಕಿಟೆಲ್ ಕೂಡ ಅಲ್ಲೇ ಓದಿದವರಲ್ಲವೇ? ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಪ್ರತಿಮೆ ಇರೋದು ಅವರದೇ. ನಮ್ಮ ಧಾರವಾಡದ ಕಡೆನೂ ಇದ್ದರು ಅಂತ ಕೇಳಿದ್ದೆ.

ಕರಾವಳಿ ಮೇಷ್ಟ್ರು:

ಓದಿದ್ದು ಅಲ್ಲಲ್ಲ. ಫರ್ಡಿನೆಂಡ್ ಕಿಟೆಲ್ ಹುಟ್ಟಿದ್ದು ಜರ್ಮನಿಯ ಉತ್ತರದ ಕಡಲತೀರದ ಕಡೆ, 1832ರಲ್ಲಿ. ತರಬೇತಿ ಆದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಶಬ್ದಗಳು. ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಟ್ಟದ್ದು 1896ರಲ್ಲಿ. ಕೊನೆಯ ವರ್ಷಗಳನ್ನು ಅದೇ ಊರಿನಲ್ಲಿ ಕಳೆದು 1903ರಲ್ಲಿ ತೀರಿಕೊಂಡರು. ಧಾರವಾಡದ ನಂಟು ನೀವು ಹೇಳಿದ್ದು ಸರಿ.

ಸಾಗರದ ಹುಡುಗಿ:

ಮೇಷ್ಟ್ರೇ, ನಮಸ್ಕಾರ. ಕಿಟೆಲ್ ವಿಷಯ ಗೊತ್ತಿತ್ತು, ಮೊಗ್ಲಿಂಗ್ ಓದಿದ್ದು ಇಲ್ಲೇ ಅನ್ನುವುದು ಗೊತ್ತಿರಲಿಲ್ಲ. ಅವರು ಓದಿದ ಜಾಗ ಷ್ಟಿಫ್ಟ್ ಇರಬೇಕು, ಪಾದ್ರಿಗಳಾಗುವವರ ವಸತಿ ಶಾಲೆ. ಕೋಟೆಯ ಕೆಳಗೆ, ನದಿ ಕಡೆಗೆ ಇದೆ. ಈಗಲೂ ವಿದ್ಯಾರ್ಥಿಗಳು ಅಲ್ಲಿ ಉಳಿದು ಓದುತ್ತಾರೆ. ಖಗೋಳಶಾಸ್ತ್ರದ ಕೆಪ್ಲರ್ ಅಲ್ಲೇ ಇದ್ದವನು. ತತ್ವಶಾಸ್ತ್ರದ ಹೆಗೆಲ್, ಶೆಲ್ಲಿಂಗ್, ಆ ಹಳದಿ ಗೋಪುರದ ಕವಿ ಹೋಲ್ಡರ್ಲಿನ್, ಮೂವರೂ ಅಲ್ಲಿ ಒಂದೇ ಕೋಣೆಯಲ್ಲಿದ್ದರು. ನಮ್ಮ ಹಾಸ್ಟೆಲ್ ರೂಮಿನ ಜಗಳ ನೆನೆಸಿಕೊಂಡರೆ, ಹೆಗೆಲ್ ಜೊತೆ ಒಂದೇ ಕಿಟಕಿ ಹಂಚಿಕೊಂಡವರ ತಾಳ್ಮೆ ದೊಡ್ಡದು.

ನೀವು ಹೇಳಿದ ಮೇಲೆ ಇನ್ನೊಂದು ಕೊಂಡಿ ಹೇಳುತ್ತೇನೆ. ಚರ್ಚಿನ ಮುಂದೆ ಹೆಕನ್‌ಹೌವರ್ ಅಂತ ಹಳೇ ಪುಸ್ತಕದಂಗಡಿ. 1895ರಿಂದ 1899ರವರೆಗೆ ಹರ್ಮನ್ ಹೆಸ್ಸೆ ಅಲ್ಲಿ ಪುಸ್ತಕದ ವ್ಯಾಪಾರ ಕಲಿತು ಕೆಲಸ ಮಾಡಿದ್ದ. ಆಮೇಲೆ ಸಾಹಿತ್ಯಕ್ಕೆ ನೊಬೆಲ್ ಬಂತು. ಅವನ ತಾಯಿ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ. ತಾಯಿಯ ತಂದೆ ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್, ಅವರೂ ಟ್ಯೂಬಿಂಗನ್‌ನಲ್ಲೇ ಓದಿದವರು. ಗುಂಡರ್ಟ್ ಅವರ ಹಸ್ತಪ್ರತಿಗಳು ಇಲ್ಲಿನ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿವೆ. ನನ್ನ ಮಲಯಾಳಿ ಗೆಳತಿ ಇದನ್ನು ಹೇಳಿ ಹೇಳಿ ನನ್ನ ಹೊಟ್ಟೆ ಉರಿಸುತ್ತಿದ್ದಳು. ಇನ್ನು ಮೊಗ್ಲಿಂಗ್ ಹೆಸರು ತೆಗೆಯುತ್ತೇನೆ.

ಕರಾವಳಿ ಮೇಷ್ಟ್ರು:

ಗುಂಡರ್ಟ್, ಮೊಗ್ಲಿಂಗ್ ಗೆಳೆಯರು. ನೀವಿಬ್ಬರೂ ಜಗಳ ಆಡಬೇಡಿ.

ಮೈಸೂರು ಅಮ್ಮ:

ಮಗಳೇ, ನನ್ನ ಮಗಳೂ ಮುಂದಿನ ಸಲ ಅಲ್ಲಿಗೇ ಅರ್ಜಿ ಹಾಕಬೇಕು ಅಂತಿದ್ದಾಳೆ. ನೀನು ಕಾಡು, ಗುಡ್ಡ ಅಂತ ಬರೆದಿದ್ದು ಓದಿ ಎದೆ ಹೊಡೆದುಕೊಳ್ತಿದೆ. ಒಬ್ಬಳೇ ಓಡಾಡ್ತೀಯಾ? ರಾತ್ರಿ ಲ್ಯಾಬಿನಿಂದ ಬರೋದು ಹೇಗೆ? ಅಲ್ಲಿಯವರು ನಮ್ಮವರನ್ನು ಹೇಗೆ ನೋಡ್ತಾರೆ? ನಿಜ ಹೇಳು.

ಸಾಗರದ ಹುಡುಗಿ:

ಆಂಟಿ, ಹಗಲು ಒಬ್ಬಳೇ ಹೋಗುತ್ತೇನೆ. ಕಾಡು ಅಂದರೆ ನಮ್ಮ ಮಲೆನಾಡಿನ ಕಾಡಲ್ಲ. ಅಜ್ಜ ಅಜ್ಜಿಯರು, ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡವರು, ನಾಯಿಗಳು, ಎಲ್ಲ ಇರುತ್ತಾರೆ. ದಾರಿಗೆ ಬೋರ್ಡು ಇದೆ. ರಾತ್ರಿ ಬಸ್ಸಿಗೆ ಬರುತ್ತೇನೆ, ತಡರಾತ್ರಿಗೂ ಬಸ್ಸು ಇವೆ. ಸ್ಟೇಷನ್ ಪಕ್ಕದ ಪಾರ್ಕಿನಲ್ಲಿ ಮಾತ್ರ ಕತ್ತಲಾದ ಮೇಲೆ ನಾನು ಅಡ್ಡದಾರಿ ಹಿಡಿಯುವುದಿಲ್ಲ, ಸುತ್ತಿ ಬರುತ್ತೇನೆ. ನನಗೆ ಏನೂ ಆಗಿಲ್ಲ, ಆದರೂ.

ಜನರ ವಿಷಯ. ಒಂದು ಮನೆ ನೋಡೋಕೆ ಫೋನ್ ಮಾಡಿದಾಗ ಮಾತೆಲ್ಲ ಚೆನ್ನಾಗಿಯೇ ನಡೆಯಿತು. ಹೆಸರು ಹೇಳಿದ ಮೇಲೆ "ಮನೆ ಹೋಗಿಬಿಟ್ಟಿದೆ" ಅಂದರು. ಮಾರನೇ ದಿನ ಜರ್ಮನ್ ಹೆಸರಿನ ಗೆಳತಿ ಕೇಳಿದರೆ ಇನ್ನೂ ಖಾಲಿ ಇತ್ತು. ಇಂಥದ್ದು ಆಗುತ್ತದೆ. ಅದೇ ಊರಿನಲ್ಲಿ ಕೆಳಗಿನ ಮನೆಯ ಅಜ್ಜಿ ನನಗೆ ಜ್ವರ ಬಂದಾಗ ಸೂಪು ಮಾಡಿ ಬಾಗಿಲಲ್ಲಿ ಇಟ್ಟು ಹೋಗಿದ್ದರು. ಬಾಗಿಲು ತಟ್ಟಲಿಲ್ಲ, ಒಂದು ಚೀಟಿ ಬರೆದಿಟ್ಟಿದ್ದರು. ಎರಡೂ ಹೇಳಬೇಕು, ಅದಕ್ಕೆ ಹೇಳಿದೆ.

ಲೆಕ್ಕದ ಪುಸ್ತಕ:

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದೀರಿ, ನಾನು ಒಂದು ಕಹಿ ಮಾತು ಕೇಳುತ್ತೇನೆ. ಎಷ್ಟೋ ಜನ ಹೊಲ ಅಡವಿಟ್ಟು, ಬ್ಯಾಂಕ್ ಸಾಲ ಮಾಡಿ ಮಕ್ಕಳನ್ನು ಕಳಿಸುತ್ತಾರೆ. ಮಕ್ಕಳು ಅಲ್ಲಿ ಗುಡ್ಡ ಹತ್ತುವುದು, ಸೇಬು ಕೀಳುವುದು. ಊರು ಸುತ್ತೋಕೆ ಹೋಗಿದ್ದೋ, ಓದೋಕೆ ಹೋಗಿದ್ದೋ?

ಬರ್ಲಿನ್ ಬಸ್ಯಾ:

ಅಣ್ಣಾ, ನಾನು ಅವರ ಊರನ್ನು ಬೈದವನು, ಆದರೂ ಇಲ್ಲಿ ಅವರ ಪರ. ಸಾಲ ಇದೆ ಅಂತ ಇಪ್ಪತ್ತನಾಲ್ಕು ತಾಸು ರೂಮಿನಲ್ಲಿ ಕೂತರೆ ಮಾರ್ಕ್ಸ್ ಬರುತ್ತಾ? ನನ್ನ ರೂಮ್‌ಮೇಟ್ ಹಂಗೇ ಕೂತಿದ್ದ. ಕ್ಲಾಸು, ಪಾರ್ಟ್‌ಟೈಮ್ ಕೆಲಸ, ರೂಮು. ಒಂದು ಸೆಮಿಸ್ಟರ್ ಆದ ಮೇಲೆ ಊರಿಗೆ ಹೋಗ್ತೀನಿ ಅಂತ ಅಳೋಕೆ ಶುರು ಮಾಡಿದ. ನಡೆಯೋಕೆ ದುಡ್ಡು ಬೇಕಾಗಿಲ್ಲ.

ಸಾಗರದ ಹುಡುಗಿ:

ಪ್ರಶ್ನೆ ನ್ಯಾಯವಾದದ್ದೇ. ನನ್ನದೂ ಸಾಲ ಇದೆ, ಅಪ್ಪನ ಅಡಿಕೆ ತೋಟದ ಮೇಲೆ. ವೀಸಾಕ್ಕೆ ಅಂತ ಮೊದಲೇ ದುಡ್ಡು ಇಟ್ಟು ತಿಂಗಳಿಗಿಷ್ಟು ಅಂತ ಮಾತ್ರ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟಿನಿಂದ ಸಿಗುವುದು 992 ಯೂರೋ. ಬಾಡಿಗೆ, ಇನ್ಶೂರೆನ್ಸ್, ದಿನಸಿ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ನಾನು ಬರೆದದ್ದರಲ್ಲಿ ಮ್ಯೂಸಿಯಂ ಟಿಕೆಟ್ ಬಿಟ್ಟರೆ ಖರ್ಚಿನದು ಏನಿದೆ, ನೀವೇ ನೋಡಿ. ಪ್ಯಾರಿಸ್, ಸ್ವಿಟ್ಜರ್ಲೆಂಡ್ ಅಂತ ತಿರುಗುವವರೂ ಇದ್ದಾರೆ. ನಾನು ಇನ್ನೂ ಹೋಗಿಲ್ಲ.

ಸ್ಟುಟ್‌ಗಾರ್ಟ್ ಶೆಟ್ರು:

ನಾನು ಪಕ್ಕದ ಊರಿನಲ್ಲಿ ಕೆಲಸಕ್ಕಿದ್ದೇನೆ. ಹೊಸದಾಗಿ ಬರುವವರಿಗೆ ಎರಡು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮೊದಲ ತಿಂಗಳೇ ಬೈಗುಳ.

ಒಂದು, ಗುಡಿಸುವ ಪಾಳಿ. ಈ ಸ್ವಾಬಿಯನ್ ಸೀಮೆಯಲ್ಲಿ ಅಪಾರ್ಟ್‌ಮೆಂಟಿನ ಮೆಟ್ಟಿಲು, ಮುಂದಿನ ಫುಟ್‌ಪಾತು ಎಲ್ಲ ಬಾಡಿಗೆದಾರರೇ ವಾರಕ್ಕೊಬ್ಬರಂತೆ ಗುಡಿಸಬೇಕು. ನಿಮ್ಮ ಬಾಗಿಲಿಗೆ ಒಂದು ಬೋರ್ಡು ನೇತುಬಿದ್ದರೆ ಆ ವಾರ ನಿಮ್ಮದು. ಕಸ ಇರಲಿ ಬಿಡಲಿ, ಗುಡಿಸಬೇಕು. ನಾನು ಶನಿವಾರ ಗುಡಿಸಿ ಒಳಗೆ ಬಂದೆ. ಎದುರು ಮನೆಯವರು ಬಂದು ಮೂಲೆ ತೋರಿಸಿದರು. ಒಂದೇ ಒಂದು ಎಲೆ!

ಎರಡು, ಟ್ಯೂಬಿಂಗನ್‌ನಲ್ಲಿ ಕಾಫಿ ಪಾರ್ಸಲ್ ತಗೊಂಡರೆ ಕಪ್ಪಿಗೆ ತೆರಿಗೆ. 2022ರ ಜನವರಿಯಿಂದ ಇದೆ. ಬಿಸಾಡುವ ಕಪ್ಪಿಗೆ 50 ಸೆಂಟ್, ಚಮಚಕ್ಕೆ 20 ಸೆಂಟ್. ಒಂದು ಫಾಸ್ಟ್‌ಫುಡ್ ಅಂಗಡಿಯವರು ಕೋರ್ಟಿಗೆ ಹೋಗಿದ್ದರು. ದೇಶದ ಸಂವಿಧಾನ ನ್ಯಾಯಾಲಯದ ತನಕ ಹೋಗಿ ಸೋತರು. ಹಾಗಾಗಿ ಸ್ಟೀಲ್ ಲೋಟ, ಡಬ್ಬಿ ಬ್ಯಾಗಿನಲ್ಲಿ ಇರಲಿ.

ಸಾಗರದ ಹುಡುಗಿ:

ಡಬ್ಬಿ ವಿಷಯ ನೂರಕ್ಕೆ ನೂರು. ನನ್ನ ಹತ್ತಿರ ಅಮ್ಮ ಕೊಟ್ಟ ಸ್ಟೀಲ್ ಡಬ್ಬಿ ಇದೆ, ಕ್ಲಿಪ್ ಹಾಕುವುದು. ಮಾರ್ಕೆಟ್ ಚೌಕದ ಹತ್ತಿರ ಊಟ ಕಟ್ಟಿಸಿಕೊಳ್ಳುವಾಗ ಅಂಗಡಿಯವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಎಲ್ಲಿ ಸಿಗುತ್ತದೆ ಅಂತ ಕೇಳಿದ.

ಮಾರ್ಕೆಟ್ ಚೌಕ ಅಂದ ಕೂಡಲೇ ನೆನಪಾಯ್ತು, ಮೇಷ್ಟ್ರಿಗೆ ಇಷ್ಟ ಆಗಬಹುದು. ಅಲ್ಲಿನ ಟೌನ್ ಹಾಲ್ ಗೋಡೆ ಮೇಲೆ 1511ರ ಖಗೋಳ ಗಡಿಯಾರ ಇದೆ. ಜೋಹಾನಸ್ ಷ್ಟೋಫ್ಲರ್ ಅನ್ನುವ ಇಲ್ಲಿನ ಪ್ರೊಫೆಸರ್ ಮಾಡಿದ್ದು. ರಾಶಿಚಕ್ರ, ಚಂದ್ರನ ಕಲೆ ಎಲ್ಲ ತೋರಿಸುತ್ತದೆ. ಅದರಲ್ಲಿ ಒಂದು ಮುಳ್ಳು ಡ್ರ್ಯಾಗನ್ ಆಕಾರದಲ್ಲಿದೆ. ಗೈಡ್ ಒಬ್ಬರು ಪ್ರವಾಸಿಗರಿಗೆ "ಸೂರ್ಯ, ಚಂದ್ರ ಇದರ ತಲೆ ಅಥವಾ ಬಾಲದ ಹತ್ತಿರ ಬಂದಾಗ ಗ್ರಹಣ" ಅಂತ ವಿವರಿಸುತ್ತಿದ್ದರು. ನಾನು ತರಕಾರಿ ಚೀಲ ಹಿಡಿದು ಹಿಂದೆ ನಿಂತಿದ್ದೆ. ರಾಹು, ಕೇತು! ಆ ಮುಳ್ಳು ಒಂದು ಸುತ್ತು ಬರೋಕೆ ಹದಿನೆಂಟೂವರೆ ವರ್ಷದ ಮೇಲೆ ಬೇಕು. ನಮ್ಮಜ್ಜ ಪಂಚಾಂಗ ನೋಡುತ್ತಿದ್ದರು. ಅವರಿದ್ದಿದ್ದರೆ ಆ ಗೈಡ್‌ಗೆ ಇನ್ನೂ ಒಂದು ಗಂಟೆ ಪಾಠ ಆಗುತ್ತಿತ್ತು.

ಅಲ್ಲಿಂದ ಎರಡು ಹೆಜ್ಜೆ ಆಚೆ ಹೋದರೆ ತಮಾಷೆ. ಒಂದು ಮನೆಗೆ "ಇಲ್ಲಿ ಗಯಟೆ ತಂಗಿದ್ದ" ಅಂತ ಫಲಕ ಇದೆ, ಗಯಟೆ ಅಂದರೆ ಜರ್ಮನಿಯ ದೊಡ್ಡ ಕವಿ. ಪಕ್ಕದ ಮನೆಯಲ್ಲಿದ್ದ ವಿದ್ಯಾರ್ಥಿಗಳು "ಇಲ್ಲಿ ಗಯಟೆ ವಾಂತಿ ಮಾಡಿದ್ದ" ಅಂತ ಬೋರ್ಡು ಹಾಕಿಬಿಟ್ಟಿದ್ದಾರೆ. ಮೊದಲಿನದಕ್ಕಿಂತ ಎರಡನೆಯದರ ಮುಂದೆ ಫೋಟೋ ತೆಗೆಸಿಕೊಳ್ಳುವವರೇ ಜಾಸ್ತಿ.

ಹುಬ್ಬಳ್ಳಿ ಗಾಡಿ:

ಎಲ್ಲ ಚಂದ ಚಂದದ್ದೇ ಹೇಳಿದಿರಿ. ಜರ್ಮನಿ ಅಂದ ಮೇಲೆ ಆ ಹಿಟ್ಲರ್ ಕಾಲದ್ದು ಏನೂ ಇಲ್ಲವೇ ಅಲ್ಲಿ?

ಸಾಗರದ ಹುಡುಗಿ:

ಇದೆ. ನನ್ನ ಬಸ್ಸು ಹೋಗುವ ದಾರಿಯಿಂದ ಸ್ವಲ್ಪ ದೂರ ಗಾರ್ಟನ್‌ಷ್ಟ್ರಾಸೆ ಅಂತ ರಸ್ತೆ. ಅಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರ ಇತ್ತು. 1938ರ ನವೆಂಬರ್ 9ರ ರಾತ್ರಿ ಸುಟ್ಟರು. ಈಗ ಅಲ್ಲಿ ಸ್ಮಾರಕ ಇದೆ, ಸುತ್ತ ಮನೆಗಳು. ಮಕ್ಕಳು ಪಕ್ಕದಲ್ಲೇ ಆಡುತ್ತಿರುತ್ತಾರೆ. ವಿಶ್ವವಿದ್ಯಾಲಯದವರೂ ಆ ಕಾಲದಲ್ಲಿ ಸುಮ್ಮನೆ ಕೂತಿರಲಿಲ್ಲ, ಜನಾಂಗ ಶುದ್ಧಿ ಅಂತ ಪಾಠ ಮಾಡಿದ ಪ್ರೊಫೆಸರುಗಳು ಇಲ್ಲೂ ಇದ್ದರು. ಜೀವಶಾಸ್ತ್ರ ಓದುವವಳಾಗಿ ನನಗೆ ಅದು ಕೋಟೆಯ ಅಡುಗೆಮನೆಯಷ್ಟೇ ಮುಖ್ಯ.

ದಾವಣಗೆರೆ ಬೆಣ್ಣೆ:

ಅಕ್ಕ, ಬರ್ಲಿನ್ ಉತ್ತರ ಬಂತು. ಅಲ್ಲೂ ಸೀಟು ಸಿಕ್ಕಿದೆ! ಈಗ ಇನ್ನೂ ಗೊಂದಲ. ಅಪ್ಪ ಈ ಚರ್ಚೆ ಪೂರ್ತಿ ಓದಿದರು. 1,500 ಯೂರೋ ಅನ್ನೋದನ್ನ ಎರಡು ಸಲ ಓದಿದರು.

ಬರ್ಲಿನ್ ಬಸ್ಯಾ:

ಬಾ ತಮ್ಮಾ, ಸ್ಟೇಷನ್‌ಗೆ ಬರ್ತೀನಿ. ರನ್‌ವೇ ತೋರಿಸ್ತೀನಿ.

ಸಾಗರದ ಹುಡುಗಿ:

ಮೊದಲು ಎರಡೂ ಕಡೆಯ ಸಿಲೆಬಸ್ ಪಕ್ಕಪಕ್ಕ ಇಟ್ಟು ನೋಡಿ. ಯಾರ ಹತ್ತಿರ ಥೀಸಿಸ್ ಮಾಡಬೇಕು ಅಂತಿದ್ದೀರೋ ಅವರು ಎಲ್ಲಿದ್ದಾರೆ ನೋಡಿ. ಮೆಷಿನ್ ಲರ್ನಿಂಗ್ ಅಂದರೆ ಟ್ಯೂಬಿಂಗನ್ ಸಣ್ಣದೇನಲ್ಲ, ಆ ಸಂಶೋಧನೆ ಮಾಡುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಇದೇ ಊರಿನಲ್ಲಿದೆ. ಕುದುರೆ ನೋಡೋಕೆ ಅಂತ ಮಾತ್ರ ಬರಬೇಡಿ, ರನ್‌ವೇ ನೋಡೋಕೆ ಅಂತ ಅಲ್ಲಿಗೂ ಹೋಗಬೇಡಿ. ಶನಿವಾರದೊಳಗೆ ನಿಮ್ಮ ಸಿಲೆಬಸ್ ಕಳಿಸಿದರೆ ನಮ್ಮಲ್ಲಿ ಅದೇ ಕೋರ್ಸ್ ಓದುವ ಹುಡುಗನ ಕೈಲಿ ನೋಡಿಸುತ್ತೇನೆ.

ದಾವಣಗೆರೆ ಬೆಣ್ಣೆ:

ಇವತ್ತೇ ಕಳಿಸ್ತೀನಿ ಅಕ್ಕ. ಅಮ್ಮ ಕೇಳ್ತಿದಾರೆ, ಎಲ್ಲಿಗೆ ಹೋದರೂ ಕುಕ್ಕರ್ ಬೇಕಲ್ವಾ, ಇಲ್ಲಿಂದಲೇ ತರಬೇಕಾ?

ಸ್ಟುಟ್‌ಗಾರ್ಟ್ ಶೆಟ್ರು:

ತನ್ನಿ, ಆದರೆ ಅಲ್ಯೂಮಿನಿಯಂ ಬೇಡ. ಕೆಲವು ಹಾಸ್ಟೆಲ್‌ಗಳಲ್ಲಿ ಇಂಡಕ್ಷನ್ ಒಲೆ, ಅದರ ಮೇಲೆ ಬಿಸಿಯೇ ಆಗುವುದಿಲ್ಲ. ಸ್ಟೀಲಿನದ್ದು, ತಳ ಇಂಡಕ್ಷನ್‌ಗೆ ಆಗುವಂಥದ್ದು, ಮೂರು ಲೀಟರ್ ಸಾಕು. ಗ್ಯಾಸ್ಕೆಟ್ ಎರಡು ಜಾಸ್ತಿ ಇಟ್ಟುಕೊಳ್ಳಿ. ಕುಕ್ಕರ್ ಒಳಗೆ ಬೇಳೆ ತುಂಬಿಸಿ ತಂದರೆ ಜಾಗವೂ ಉಳಿಯುತ್ತದೆ.